ಹತ್ತು ಅಡಿಯಲ್ಲಿ ನಿಲ್ಲುವ ವಿಮಾನ, ಆನೆ ಓಡಿಸುವ ಪೈಲಟ್!

ಕಾಮಸಮುದ್ರದವರೇ, ಬಂಗಾರಪೇಟೆಯವರೇ, ಕೆಜಿಎಫ್‌ನವರೇ, ನಿಮಗೊಂದು ಒಗಟು!

ಒಂದು ಯಂತ್ರ. ತೂಕ ಸಾವಿರ ಟನ್ನಿಗೂ ಮಿಕ್ಕಿ. ನದಿಪಾತ್ರವನ್ನು ಬಗೆದು, ಮರಳು ಜಾಲಾಡಿ, ಚಿನ್ನ ಸೋಸುವ ದೈತ್ಯ. ಅದನ್ನು ಕಡಲತೀರದಿಂದ ಬೆಟ್ಟಗಳಾಚೆಯ ಕಣಿವೆಗೆ ಮುಟ್ಟಿಸಬೇಕು. ರಸ್ತೆಯಿಲ್ಲ. ರೈಲಿಲ್ಲ. ನಡುವೆ ಕತ್ತಲೆಗಟ್ಟಿದ ಕಾಡು. ಹೊರೆಯಾಳುಗಳು ಮೂಟೆ ಹೊತ್ತು ಹೊರಟರೆ ವಾರಕ್ಕೂ ಹೆಚ್ಚು ಹಿಡಿಯುವ ಕಾಲುದಾರಿ.

ಹೇಗೆ ಸಾಗಿಸುತ್ತೀರಿ?

ಚಿನ್ನದ ಗಣಿ ಕಂಡವರು ನೀವು. ನಿಮಗೆ ಗೊತ್ತಿರಬೇಕು! ಆದರೆ ತಾಳಿ, ಕೆಜಿಎಫ್‌ನ ಕಥೆಯೇ ಬೇರೆ. ಇಲ್ಲಿ 1894ರಲ್ಲೇ ಬೌರಿಂಗ್‌ಪೇಟೆಯಿಂದ (ಇಂದಿನ ಬಂಗಾರಪೇಟೆ) ಗಣಿಗಳತ್ತ ರೈಲು ಹಳಿ ಬಿತ್ತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟನ್ನೂ ತಂದರು. ಬಾಯ್ಲರು ಬೇಕೇ? ಗೂಡ್ಸ್ ಬಂಡಿಯಲ್ಲಿ ಬಂತು! ಉಕ್ಕಿನ ಹಗ್ಗ ಬೇಕೇ? ಅದೂ ಬಂತು!

ನಾನು ಹೇಳುತ್ತಿರುವ ಕಣಿವೆಗೆ ಹಳಿ ಹಾಕಲು ಸಾಧ್ಯವೇ ಇರಲಿಲ್ಲ. ಹೆಸರು ಬುಲೋಲೋ. ದ್ವೀಪ ನ್ಯೂಗಿನಿ. ಕಾಲ 1931.

ಉತ್ತರ ಹೊಳೆಯಿತೇ?

ಆಕಾಶದಲ್ಲಿ! ಹೌದು, ಇಡೀ ಯಂತ್ರವನ್ನು ತುಂಡು ತುಂಡು ಮಾಡಿ ವಿಮಾನದಲ್ಲಿ ಹೊತ್ತೊಯ್ದರು!

ಯಂತ್ರದ ಯಾವ ಭಾಗವೂ ವಿಮಾನ ಹೊರುವಷ್ಟಕ್ಕಿಂತ ಹೆಚ್ಚು ತೂಗಬಾರದೆಂದು ಎಂಜಿನಿಯರುಗಳು ನಕ್ಷೆಯನ್ನೇ ಹಾಗೆ ಬರೆದರು. ಅತಿ ಭಾರದ ಭಾಗ ಸುಮಾರು ಮೂರು ಟನ್. ಅದಕ್ಕಾಗಿಯೇ ಜರ್ಮನಿಯಿಂದ ಜಂಕರ್ಸ್ ಜಿ-31 ವಿಮಾನ ತರಿಸಿದರು. ಮೂರು ಎಂಜಿನ್. ಅಲೆಅಲೆಯಾದ ಲೋಹದ ಮೈ. ಬೆನ್ನ ಮೇಲೊಂದು ಬಾಗಿಲು! ಕ್ರೇನ್ ಆ ಬಾಗಿಲಿನಿಂದಲೇ ಕಬ್ಬಿಣವನ್ನು ವಿಮಾನದ ಹೊಟ್ಟೆಗೆ ಇಳಿಸುತ್ತಿತ್ತು.

ಲೇ ಎಂಬ ಕಡಲೂರಿನಿಂದ ವಿಮಾನ ಏರುತ್ತಿತ್ತು. ಬೆಟ್ಟ ದಾಟುತ್ತಿತ್ತು. ಇಳಿಯುತ್ತಿತ್ತು. ಖಾಲಿಯಾಗಿ ಮರಳುತ್ತಿತ್ತು. ಮತ್ತೆ ಏರುತ್ತಿತ್ತು. ದಿನವೂ! 1932ರ ಮಾರ್ಚ್‌ನಲ್ಲಿ ಮೊದಲ ಯಂತ್ರ ಗರ್ಜಿಸಿತು.

ಒಂದೇ ಯಂತ್ರವೇ? ಅಲ್ಲ! 1939ರ ಹೊತ್ತಿಗೆ ಎಂಟು!

ಹಸುಗಳು ಹಾರಿದವು. ಕುದುರೆಗಳು ಹಾರಿದವು. ಮೋಟಾರು ಕಾರು ಹಾರಿತು. ಆ ವರ್ಷಗಳಲ್ಲಿ ಪ್ರಪಂಚದ ಉಳಿದೆಲ್ಲ ಕಡೆ ವಿಮಾನದಲ್ಲಿ ಸಾಗಿದ ಸರಕನ್ನು ಒಟ್ಟುಗೂಡಿಸಿದರೂ ನ್ಯೂಗಿನಿಯ ಈ ಮೂಲೆಗೆ ಸಮನಾಗುತ್ತಿರಲಿಲ್ಲ ಎಂದು ವಿಮಾನ ಇತಿಹಾಸಕಾರರು ಬರೆಯುತ್ತಾರೆ. ಲಂಡನ್ ಅಲ್ಲ, ನ್ಯೂಯಾರ್ಕ್ ಅಲ್ಲ. ಕಾಡಿನ ನಡುವಿನ ಒಂದು ಚಿನ್ನದ ಕಣಿವೆ!

ಇನ್ನೊಂದು ಮಾತು ಕೇಳಿ. ಅಲ್ಲಿನ ಬೆಟ್ಟಸೀಮೆಯ ಎಷ್ಟೋ ಜನ ಗಾಡಿಯ ಚಕ್ರ ನೋಡುವ ಮೊದಲೇ ವಿಮಾನ ನೋಡಿದರು!

ಇದೆಲ್ಲ ಶುರುವಾದದ್ದು ಒಬ್ಬ ಪೈಲಟ್‌ನಿಂದ. ಹೆಸರು ಪಾರ್ಡ್ ಮಸ್ಟಾರ್. ಆಸ್ಟ್ರೇಲಿಯಾದವನು. 1927ರ ಏಪ್ರಿಲ್. ಮರ, ಬಟ್ಟೆಯ ಪುಟ್ಟ ವಿಮಾನ. ಲೇಯಿಂದ ವಾವ್ ಎಂಬ ಕಣಿವೆಗೆ ಮೊದಲ ಹಾರಾಟ. ಕಾಲ್ನಡಿಗೆಯಲ್ಲಿ ವಾರ ಮೀರುತ್ತಿದ್ದ ಪಯಣಕ್ಕೆ ಅವನು ತೆಗೆದುಕೊಂಡ ಸಮಯ ಎಷ್ಟು?

ಒಂದು ಗಂಟೆಗೂ ಕಡಿಮೆ!

ಅವನು ಇಳಿದ ಜಾಗ ನೋಡಬೇಕು. ವಾವ್‌ನ ರನ್‌ವೇ ಸಮತಟ್ಟಾಗಿಲ್ಲ. ಹತ್ತು ಅಡಿ ಮುಂದೆ ಹೋದರೆ ಸುಮಾರು ಒಂದು ಅಡಿ ಏರು! ಗುಡ್ಡಕ್ಕೆ ಮುಖ ಮಾಡಿ ಇಳಿಯಬೇಕು. ಇಳಿಜಾರಿನಲ್ಲಿ ಓಡಿ ಏರಬೇಕು. ಗಾಳಿ ಯಾವ ಕಡೆಯಿಂದ ಬೀಸಿದರೂ ಇದೇ ನಿಯಮ.

ಇವರನ್ನೇ ಬುಷ್ ಪೈಲಟ್‌ಗಳು ಎನ್ನುತ್ತಾರೆ. ಹೆದ್ದಾರಿ ಮುಟ್ಟದ ಊರಿಗೆ ಹಾರುವವರು. ಹುಲ್ಲಿನ ಮೇಲೆ, ಮರಳಿನ ಮೇಲೆ, ಹಿಮದ ಮೇಲೆ, ಕೆರೆಯ ನೀರಿನ ಮೇಲೂ ಇಳಿಯುವವರು. ಅಕ್ಕಿ ಮೂಟೆ, ಡೀಸೆಲ್ ಪೀಪಾಯಿ, ಹೆರಿಗೆ ನೋವಿನ ತಾಯಿ, ಶಾಲೆಯ ಮೇಷ್ಟ್ರು, ಕೋಳಿಮರಿ, ಎಲ್ಲವೂ ಒಂದೇ ವಿಮಾನದಲ್ಲಿ!

ಹಳೆಯ ಕಥೆ ಎಂದುಕೊಂಡಿರಾ? ಅಲ್ಲವೇ ಅಲ್ಲ! ಈಗಲೂ ಪಪುವಾ ನ್ಯೂಗಿನಿಯ ರಾಜಧಾನಿ ಪೋರ್ಟ್ ಮೊರೆಸ್ಬಿಯಿಂದ ಲೇ ನಗರಕ್ಕೆ ಬಸ್ಸು ಹತ್ತಿ ಹೋಗುತ್ತೇನೆಂದರೆ ಆಗದು. ರಸ್ತೆಯೇ ಇಲ್ಲ! ಹಾರಬೇಕು, ಇಲ್ಲವೇ ಹಡಗು ಹತ್ತಬೇಕು.

ಈಗ ಕೆಜಿಎಫ್‌ನವರಿಗೇ ಮೀಸಲಾದ ಒಂದು ಪ್ರಶ್ನೆ.

ಪ್ರಪಂಚದ ಅತ್ಯಂತ ಚಿಕ್ಕ ನಿಯಮಿತ ವಿಮಾನಯಾನ ಎಷ್ಟು ದೂರದ್ದು? ಟಿಕೆಟ್ ಇದೆ, ವೇಳಾಪಟ್ಟಿ ಇದೆ, ನಿತ್ಯದ ಪ್ರಯಾಣಿಕರಿದ್ದಾರೆ. ನೂರು ಕಿಲೋಮೀಟರ್? ಐವತ್ತು? ಇಪ್ಪತ್ತು?

ಬರೀ 2.7 ಕಿಲೋಮೀಟರ್!

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಿವೆ. ಅಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಹಾರುವ ಲೋಗನ್ಏರ್ ವಿಮಾನ. 1967ರಿಂದ ನಡೆಯುತ್ತಿದೆ. ವೇಳಾಪಟ್ಟಿಯಲ್ಲಿ ಎರಡು ನಿಮಿಷ. ದಾಖಲೆ? 53 ಸೆಕೆಂಡ್! ಆ ದಾಖಲೆ ಬರೆದ ಸ್ಟುವರ್ಟ್ ಲಿಂಕ್ಲೇಟರ್ ಎಂಬ ಪೈಲಟ್ ಈ ಪುಟ್ಟ ನೆಗೆತವನ್ನು 12,000ಕ್ಕೂ ಹೆಚ್ಚು ಸಲ ನೆಗೆದು ನಿವೃತ್ತರಾದರು!

ಈಗ ನಿಮ್ಮ ಕಾಲ ಕೆಳಗೆ ನೋಡಿ. ಚಾಂಪಿಯನ್ ರೀಫ್ ಗಣಿಯ ಆಳ ಎಷ್ಟು? ಸುಮಾರು 3.2 ಕಿಲೋಮೀಟರ್!

ಅಂದರೆ? ಅಲ್ಲಿ ಇಡೀ ಒಂದು ವಿಮಾನಯಾನ ಕ್ರಮಿಸುವ ದೂರಕ್ಕಿಂತ ಹೆಚ್ಚು ದೂರವನ್ನು ನಮ್ಮ ಗಣಿ ಕಾರ್ಮಿಕರು ನೆಲದೊಳಕ್ಕೆ ಇಳಿದಿದ್ದರು! ಅದೂ ಬೆಂಕಿಯಂಥ ಶಾಖದಲ್ಲಿ! ಅಂಥವರ ಮೊಮ್ಮಕ್ಕಳಿಗೆ ಗುಂಡಿಗೆಯ ಪಾಠ ಬೇರೆ ಬೇಕೇ?

ಚಿನ್ನದ ಆಸೆ ಕೋಲಾರದಲ್ಲಿ ಮನುಷ್ಯನನ್ನು ಕೆಳಕ್ಕೆ ಇಳಿಸಿತು. ನ್ಯೂಗಿನಿಯಲ್ಲಿ ಮೇಲಕ್ಕೆ ಏರಿಸಿತು. ಇಲ್ಲಿನ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಅಲ್ಲಿ ಬೆಳೆದ ಬುಷ್ ಪೈಲಟ್ ಕೆಲಸ? ಇನ್ನೂ ಜೀವಂತ! ಪ್ರಪಂಚದ ಐದಾರು ಮೂಲೆಗಳಲ್ಲಿ ಈಗಲೂ ಪೈಲಟ್‌ಗಳನ್ನು ಕರೆಯುತ್ತಿದೆ.

ಮುಂದಿನ ಪ್ರಶ್ನೆ. ವಿಮಾನ ನೆಲ ಮುಟ್ಟಿದ ಮೇಲೆ ನಿಲ್ಲಲು ಎಷ್ಟು ಜಾಗ ಬೇಕು? ದೊಡ್ಡ ಜೆಟ್‌ಗೆ ಕಿಲೋಮೀಟರುಗಟ್ಟಲೆ ರನ್‌ವೇ ಬೇಕೆಂಬುದು ನಿಮಗೆ ಗೊತ್ತು. ಅಲಾಸ್ಕಾದ ವಾಲ್ಡೀಜ್ ಎಂಬ ಊರಲ್ಲಿ ಪ್ರತಿ ಬೇಸಿಗೆಗೆ ಮುನ್ನ ಬುಷ್ ಪೈಲಟ್‌ಗಳ ಜಾತ್ರೆ ನೆರೆಯುತ್ತದೆ. ಯಾರು ಕಡಿಮೆ ಜಾಗದಲ್ಲಿ ಏರುತ್ತಾರೆ, ಯಾರು ಕಡಿಮೆ ಜಾಗದಲ್ಲಿ ನಿಲ್ಲಿಸುತ್ತಾರೆ ಎಂಬ ಪಂದ್ಯ.

2017ರಲ್ಲಿ ಫ್ರಾಂಕ್ ನ್ಯಾಪ್ ಎಂಬ ಪೈಲಟ್ ಇಳಿಸಿದ ಪುಟ್ಟ ವಿಮಾನ ನೆಲ ಮುಟ್ಟಿ ಎಷ್ಟು ದೂರ ಓಡಿತು? ನೂರು ಅಡಿ? ಐವತ್ತು?

10 ಅಡಿ 5 ಇಂಚು!

ನೊಗ ಇಳಿಸಿದ ಒಂದು ಎತ್ತಿನ ಗಾಡಿ ನಿಲ್ಲುವಷ್ಟು ಜಾಗ! ವಿಮಾನ ಅಷ್ಟರಲ್ಲೇ ನಿಂತುಬಿಟ್ಟಿತು!

ಗುಟ್ಟೇನು? ಮೂರು. ಎದುರುಗಾಳಿ, ಹಗುರ ಮೈ, ದೊಡ್ಡ ರೆಕ್ಕೆ. ಗಾಳಿ ಎದುರಿನಿಂದ ಬಲವಾಗಿ ಬೀಸಿದಷ್ಟೂ ನೆಲದ ಲೆಕ್ಕದಲ್ಲಿ ವಿಮಾನದ ವೇಗ ಇಳಿಯುತ್ತದೆ. ರೆಕ್ಕೆಗೆ ಬೇಕಾದದ್ದು ಗಾಳಿಯ ವೇಗ, ನೆಲದ ವೇಗವಲ್ಲ. ಗಾಳಿ ಸಾಕಷ್ಟಿದ್ದರೆ ವಿಮಾನ ನಿಂತಲ್ಲೇ ತೇಲಿದಂತೆ ಕಾಣುತ್ತದೆ!

ಯಂತ್ರಗಳ ಸೋಜಿಗ ಇನ್ನೂ ಇದೆ. ಕೆನಡಾದ ಬೀವರ್ ವಿಮಾನ ಗೊತ್ತೇ? ಮೊದಲು ಹಾರಿದ್ದು 1947ರ ಆಗಸ್ಟ್ 16ರಂದು. ನಮಗೆ ಸ್ವಾತಂತ್ರ್ಯ ಬಂದ ಮರುದಿನ! ಅದನ್ನು ಕಟ್ಟುವ ಮೊದಲು ಡಿ ಹ್ಯಾವಿಲೆಂಡ್ ಕಂಪನಿ ಕಾಡುಪೈಲಟ್‌ಗಳನ್ನೇ ಕೇಳಿತು. ನಿಮಗೆ ಏನು ಬೇಕು?

ಅವರು ಏನು ಕೇಳಿದರು? ಮೆತ್ತನೆ ಸೀಟೇ? ವೇಗವೇ? ಅಯ್ಯೋ, ಇಲ್ಲ! ಇಂಧನದ ದೊಡ್ಡ ಪೀಪಾಯಿ ಉರುಳಿಸಿ ಒಳಹಾಕುವಷ್ಟು ಅಗಲದ ಬಾಗಿಲು ಕೊಡಿ ಎಂದರು! ಕೊಟ್ಟರು! ಇನ್ನೊಂದು ಸೌಕರ್ಯವನ್ನಂತೂ ನಂಬುವುದು ಕಷ್ಟ. ಎಂಜಿನ್ ಆಯಿಲ್ ಕಡಿಮೆಯಾದರೆ ಪೈಲಟ್ ಸೀಟಿನಲ್ಲಿ ಕುಳಿತೇ, ಹಾರುತ್ತಲೇ, ಆಯಿಲ್ ಸುರಿಯಬಹುದು!

ಒಟ್ಟು 1,600ಕ್ಕೂ ಹೆಚ್ಚು ಬೀವರ್‌ಗಳು ತಯಾರಾದವು. ಮುದಿಯಾದವೇ? 2019ರ ಡಿಸೆಂಬರ್ 10ರಂದು ವ್ಯಾಂಕೂವರ್ ಬಳಿ ಒಂದು ಹಳೆಯ ಬೀವರ್ ನೀರಿನಿಂದ ಮೇಲೆದ್ದಿತು. ಹೊಗೆಯಿಲ್ಲ. ಪೆಟ್ರೋಲಿಲ್ಲ. ಬ್ಯಾಟರಿ! ಅಜ್ಜನಿಗೆ ಹೊಸ ಗುಂಡಿಗೆ!

ಸರಿ, ಕೆಲಸ ಎಲ್ಲಿದೆ? ಆಫ್ರಿಕಾಕ್ಕೆ ಬನ್ನಿ.

ಬೋಟ್ಸ್ವಾನಾ ದೇಶದಲ್ಲಿ ಮೌನ್ ಎಂಬ ಧೂಳಿನ ಊರಿದೆ. ಅಲ್ಲಿಂದ ಶುರು ಒಕವಾಂಗೊ! ಕಡಲನ್ನೇ ಸೇರದ ನದಿ. ಮರಳುಗಾಡಿನಲ್ಲಿ ಹರಡಿ, ಸಾವಿರಾರು ಕವಲಾಗಿ, ಅಲ್ಲೇ ಇಂಗಿ ಆವಿಯಾಗುತ್ತದೆ. ಇನ್ನೂ ವಿಚಿತ್ರ ಕೇಳಿ. ಅಲ್ಲಿ ಪ್ರವಾಹ ಬರುವುದು ಮಳೆಗಾಲದಲ್ಲಲ್ಲ, ಒಣಗಾಲದಲ್ಲಿ! ಅಂಗೋಲಾದ ಬೆಟ್ಟಗಳಲ್ಲಿ ಸುರಿದ ಮಳೆ ತಿಂಗಳುಗಟ್ಟಲೆ ತೆವಳಿ ಬಂದು ಮುಟ್ಟುವಾಗ ಇಲ್ಲಿ ಆಕಾಶದಲ್ಲಿ ಮೋಡದ ಚೂರೂ ಇರುವುದಿಲ್ಲ. 2014ರಲ್ಲಿ ಯುನೆಸ್ಕೊ ತನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ ಸಾವಿರದನೆಯ ತಾಣ ಈ ನದೀಮುಖಜ ಭೂಮಿಯೇ! ಸರಿಯಾಗಿ ಸಾವಿರದನೆಯದು!

ನೀರು ತುಂಬಿದರೆ ಜೀಪು ಹೋಗದು. ಸಫಾರಿ ಬಿಡಾರಗಳಿಗೆ ಪ್ರವಾಸಿಗರು ಹೇಗೆ ಹೋಗಬೇಕು? ತರಕಾರಿ ಹೇಗೆ ಹೋಗಬೇಕು? ಪುಟ್ಟ ವಿಮಾನದಲ್ಲಿ! ಆರು ಸೀಟಿನ ಸೆಸ್ನಾ 206, ಎಂಟು ಸೀಟಿನ ಏರ್‌ವ್ಯಾನ್, ಅದಕ್ಕೂ ದೊಡ್ಡದಾದ ಕ್ಯಾರವಾನ್. ಹತ್ತು ನಿಮಿಷ ಹಾರಾಟ, ಇಳಿ. ಹದಿನೈದು ನಿಮಿಷ ಹಾರಾಟ, ಇಳಿ. ದಿನವಿಡೀ ಇದೇ ಕುಪ್ಪಳಿಕೆ.

ಲೈಸೆನ್ಸ್ ಪಡೆದು ಹೊಸತಾಗಿ ಹೊರಬಿದ್ದ ಹುಡುಗ ಹುಡುಗಿಯರು ದೇಶದೇಶಗಳಿಂದ ಈ ಊರಿಗೆ ಬಂದಿಳಿಯುತ್ತಾರೆ. ಕೈಯಲ್ಲಿ ಅರ್ಜಿ. ಕಂಪನಿಯಿಂದ ಕಂಪನಿಗೆ ನಡೆದು ಕೊಡುತ್ತಾರೆ. ಕಾಯುತ್ತಾರೆ. ಮತ್ತೆ ಹೋಗಿ ಮುಖ ತೋರಿಸುತ್ತಾರೆ. ತಿಂಗಳುಗಟ್ಟಲೆ! ಆಫ್ರಿಕಾದ ಬುಷ್ ಪೈಲಟ್‌ಗಳಲ್ಲಿ ಎಷ್ಟೋ ಜನರ ಮೊದಲ ನೌಕರಿ ಸಿಕ್ಕಿದ್ದು ಹೀಗೆಯೇ.

ಈಗ ಕಾಮಸಮುದ್ರದವರು ಕಿವಿ ನಿಮಿರಿಸಬೇಕು!

ಅಲ್ಲಿ ಇಳಿಯುವ ಮೊದಲು ಪೈಲಟ್ ಮಾಡುವ ಕೆಲಸವೇನು? ರನ್‌ವೇ ಮೇಲೆ ಒಮ್ಮೆ ತೀರಾ ತಗ್ಗಿನಲ್ಲಿ ಹಾರುವುದು. ಯಾಕೆ?

ಆನೆ ಓಡಿಸಲು!

ಹೌದು! ಆನೆ, ಜಿಂಕೆ, ಜಿರಾಫೆ, ಯಾವುದಾದರೂ ಮಣ್ಣಿನ ರನ್‌ವೇ ಮೇಲೆ ನಿಂತಿರಬಹುದು. ಎಂಜಿನ್ ಗರ್ಜನೆಗೆ ಅವು ಸರಿಯಬೇಕು. ಆಮೇಲೆ ಸುತ್ತು ಹೊಡೆದು ಇಳಿಯಬೇಕು. ರಾತ್ರಿ ಕಾಡಲ್ಲೇ ತಂಗಿದರೆ ಚಕ್ರಗಳ ಸುತ್ತ ಮುಳ್ಳುಕಂಟಿ ಜೋಡಿಸುವುದೂ ಉಂಟು. ಕತ್ತೆಕಿರುಬ ಬಂದು ಟೈರು ಜಗಿದುಬಿಟ್ಟರೆ ಪಂಕ್ಚರ್ ಅಂಗಡಿ ಎಲ್ಲಿದೆ?

ಮೂರು ರಾಜ್ಯ ಕೂಡುವ ನಮ್ಮ ಗಡಿಸೀಮೆಯಲ್ಲಿ ಆನೆ ಬರುವ ಸದ್ದು ಯಾರಿಗೆ ಹೊಸದು? ತಮಿಳುನಾಡು, ಆಂಧ್ರದ ಕಾಡುಗಳಿಂದ ಹಿಂಡು ಇಳಿದು ಬಂದು ರಾಗಿ, ಮಾವು, ಬಾಳೆ ತುಳಿದ ರಾತ್ರಿಗಳು ಕಾಮಸಮುದ್ರ ಹೋಬಳಿಯ ರೈತರಿಗೆ ಗೊತ್ತು. ಪಟಾಕಿ, ತಮಟೆ, ಟಾರ್ಚು ಹಿಡಿದು ಕಾದವರು ಇವರು.

ಲೆಕ್ಕ ಕೇಳಿ. 2023ರ ಎಣಿಕೆಯಂತೆ ಕರ್ನಾಟಕದಲ್ಲಿ 6,395 ಕಾಡಾನೆಗಳು. ಇಡೀ ಭಾರತದಲ್ಲಿ ನಾವೇ ಮೊದಲು! ಬೋಟ್ಸ್ವಾನಾದಲ್ಲಿ ಎಷ್ಟು? ಹತ್ತು ಸಾವಿರ? ಐವತ್ತು ಸಾವಿರ?

ಸುಮಾರು 1 ಲಕ್ಷ 30 ಸಾವಿರ! ಪ್ರಪಂಚದಲ್ಲೇ ಅತಿ ಹೆಚ್ಚು!

ಮುಂದಿನ ನಿಲ್ದಾಣ ಇಂಡೊನೇಷ್ಯಾ. ಇಲ್ಲಿನ ಕಥೆ ಸಿನಿಮಾ ಮಾಡುವಂಥದ್ದು.

ಒಬ್ಬಾಕೆ. ಹೈಸ್ಕೂಲು ಅರ್ಧಕ್ಕೇ ಬಿಟ್ಟಳು. ಜಾವಾ ದ್ವೀಪದ ಪಂಗಂದಾರನ್ ಎಂಬ ಕಡಲೂರಿನಲ್ಲಿ ಮೀನು ಮಾರಿದಳು. ವ್ಯಾಪಾರ ಬೆಳೆಯಿತು. ಆದರೆ ಜೀವಂತ ಲಾಬ್ಸ್ಟರ್ ಲಾರಿಯಲ್ಲಿ ಜಕಾರ್ತ ಮುಟ್ಟುವಷ್ಟರಲ್ಲಿ ಸಾಯುತ್ತಿದ್ದವು. ಏನು ಮಾಡಿದಳು?

ವಿಮಾನ ಕೊಂಡಳು!

2004. ಕ್ಯಾರವಾನ್ ವಿಮಾನಗಳು ಬಂದವು. ಅದೇ ವರ್ಷ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿತು. ಲಾಬ್ಸ್ಟರ್ ಹೊರಬೇಕಿದ್ದ ವಿಮಾನ ಅಕ್ಕಿ, ಔಷಧಿ, ನೀರು ಹೊತ್ತು ಸುನಾಮಿಗೆ ತುತ್ತಾದ ಅಚೇ ಪ್ರಾಂತ್ಯದ ಕಡೆಗೆ ಹಾರಿತು. ನೆರವು ಸಂಸ್ಥೆಗಳು ಬಾಡಿಗೆಗೆ ಕೇಳಿದವು. ಅಲ್ಲಿಂದ ಬೆಳೆದದ್ದೇ ಸೂಸಿ ಏರ್! ನೂರಾರು ದ್ವೀಪ, ಗುಡ್ಡ, ಕಾಡೂರುಗಳಿಗೆ ಹಾರುವ ಕಂಪನಿ. ವಿದೇಶಿ ಪೈಲಟ್‌ಗಳ ದಂಡೇ ಅಲ್ಲಿ ದುಡಿಯಿತು.

ಆಕೆ ಸೂಸಿ ಪುಜಿಯಸ್ತುತಿ. ಆಮೇಲೆ ಏನಾದರು ಗೊತ್ತೇ? 2014ರಿಂದ 2019ರವರೆಗೆ ಆ ದೇಶದ ಮೀನುಗಾರಿಕೆ ಮಂತ್ರಿ! ಕಳ್ಳತನದಲ್ಲಿ ಮೀನು ಹಿಡಿಯಲು ಬಂದ ವಿದೇಶಿ ಹಡಗುಗಳನ್ನು ಸಿಡಿಸಿ ಮುಳುಗಿಸಿದ ಮಂತ್ರಿ!

ಇನ್ನು ಆಸ್ಟ್ರೇಲಿಯಾ. 1928ರ ಮೇ 17. ಕ್ಲಾನ್ಕರಿ ಎಂಬ ಬಯಲೂರಿನಿಂದ ಒಂದು ವಿಮಾನ ವೈದ್ಯನನ್ನು ಕೂರಿಸಿಕೊಂಡು ರೋಗಿಯತ್ತ ಹಾರಿತು. ಹಾರುವ ವೈದ್ಯರ ಸೇವೆಯ ಮೊದಲ ಹಾರಾಟ! ವಿಮಾನ ಬಾಡಿಗೆಗೆ ಕೊಟ್ಟದ್ದು ಯಾರು? ಇಂದು ಖಂಡಖಂಡಾಂತರ ಜೆಟ್ ಹಾರಿಸುವ ಅದೇ ಕ್ವಾಂಟಾಸ್! ದೈತ್ಯ ಕಂಪನಿಗಳೂ ಒಂದು ಕಾಲದಲ್ಲಿ ಬಯಲೂರಿನ ಧೂಳು ಕುಡಿದೇ ಬೆಳೆದವು.

ಈ ಕೆಲಸದ ಬುದ್ಧಿ ಯಾವುದು? ಇದನ್ನು ತಿಳಿದಾಗಲೇ ನಿಜವಾದ ಬೆರಗು!

ಗುಡ್ಡದ ರನ್‌ವೇಗೆ ಇಳಿಯುವಾಗ ಒಂದು ಗೆರೆಯಿದೆ. ಕಣ್ಣಿಗೆ ಕಾಣದ ಗೆರೆ. ಅದನ್ನು ದಾಟಿದ ಮೇಲೆ ಮನಸ್ಸು ಬದಲಿಸುವಂತಿಲ್ಲ! ಎದುರಿಗೆ ಬೆಟ್ಟ. ಮತ್ತೆ ಏರಲು ಎಂಜಿನ್ನಿಗೆ ಕಸುವು ಸಾಲದು. ಗೆರೆ ದಾಟಿದರೋ, ಇಳಿಯಲೇಬೇಕು! ನೇಪಾಳದ ಲುಕ್ಲಾ ನೋಡಿ. ಎವರೆಸ್ಟ್ ಚಾರಣಿಗರ ಬಾಗಿಲು. ಸಮುದ್ರಮಟ್ಟದಿಂದ 2,845 ಮೀಟರ್ ಎತ್ತರ. ರನ್‌ವೇ ಬರೀ 527 ಮೀಟರ್. ಒಂದು ತುದಿಗೆ ಕಲ್ಲಿನ ಗೋಡೆ, ಇನ್ನೊಂದು ತುದಿಗೆ ಪ್ರಪಾತ!

ಎತ್ತರ ಹೆಚ್ಚಿದಂತೆ ಗಾಳಿ ತೆಳು. ಬಿಸಿಲು ಏರಿದಂತೆ ಇನ್ನೂ ತೆಳು. ರೆಕ್ಕೆಗೆ ಹಿಡಿತ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ. ಬೆಳಗ್ಗೆ ಏಳಕ್ಕೆ ಸಲೀಸಾಗಿ ಹೊತ್ತ ಭಾರವನ್ನು ಅದೇ ವಿಮಾನ ಮಧ್ಯಾಹ್ನ ಒಂದಕ್ಕೆ ಹೊರಲಾರದು! ಅದಕ್ಕೇ ಬೆಟ್ಟಸೀಮೆಯಲ್ಲಿ ಹಾರಾಟವೆಲ್ಲ ಮುಂಜಾನೆ. ಮೋಡ ಕಟ್ಟುವ ಮೊದಲೇ ಮುಗಿಸಬೇಕು.

ಮೂಟೆ ತೂಗುತ್ತಾರೆ. ನಿಮ್ಮನ್ನೂ ತೂಗುತ್ತಾರೆ! ನಾಚಿಕೊಂಡರೆ ಆಗದು. ಇಂಧನ ಹೆಚ್ಚು ಹಾಕಿದರೆ ಅಕ್ಕಿ ಕಡಿಮೆ. ಅಕ್ಕಿ ಹೆಚ್ಚು ಹಾಕಿದರೆ ಇಂಧನ ಕಡಿಮೆ. ಯಾರು ತೀರ್ಮಾನಿಸಬೇಕು? ಪೈಲಟ್! ಹಲವು ಕಡೆ ಸರಕು ಹೇರುವವನೂ ಅವನೇ, ಕಟ್ಟುವವನೂ ಅವನೇ, ಟಿಕೆಟ್ ನೋಡುವವನೂ ಅವನೇ.

ಅಪಾಯ? ಇದೆ, ಮುಚ್ಚಿಡುವುದಿಲ್ಲ. ತಪ್ಪು ಕಣಿವೆ ಹೊಕ್ಕರೆ ತಿರುಗಲು ಜಾಗವಿರದು. ಮೋಡದೊಳಗೆ ಬೆಟ್ಟ ಅಡಗಿರುತ್ತದೆ. ಮನುಷ್ಯರ ಅಪಾಯವೂ ಉಂಟು. 2023ರ ಫೆಬ್ರುವರಿಯಲ್ಲಿ ಇಂಡೊನೇಷ್ಯಾದ ಪಪುವಾ ಬೆಟ್ಟದಲ್ಲಿ ಇಳಿದ ನ್ಯೂಜಿಲೆಂಡಿನ ಪೈಲಟ್ ಒಬ್ಬರನ್ನು ಬಂಡುಕೋರರು ಹಿಡಿದೊಯ್ದರು. ಬಿಡುಗಡೆ ಯಾವಾಗ? 2024ರ ಸೆಪ್ಟೆಂಬರ್‌ನಲ್ಲಿ! ಹತ್ತೊಂಬತ್ತು ತಿಂಗಳು ಕಾಡಿನಲ್ಲಿ!

ಆದ್ದರಿಂದಲೇ ಹಳೆಯ ಕೈಗಳು ಮೆಚ್ಚುವುದು ಸಾಹಸಿಯನ್ನಲ್ಲ. ಹವಾಮಾನ ನೋಡಿ, ಇವತ್ತು ಬೇಡ ಎಂದು ಕೀಲಿಕೈ ಜೇಬಿಗೆ ಹಾಕಿಕೊಳ್ಳುವವರನ್ನು!

ಇಷ್ಟೆಲ್ಲ ನಮ್ಮವರಿಗೆ ಸಾಧ್ಯವೇ? ಆ ಅನುಮಾನ ಬೇಡ. ಕಾಮಸಮುದ್ರದಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲೇ ಬೆಂಗಳೂರಿನ ಜಕ್ಕೂರು ಇದೆ. ಮೈಸೂರು ಸಂಸ್ಥಾನದ ಬೆಂಬಲದಲ್ಲಿ ಹುಟ್ಟಿದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಅಲ್ಲಿನದು. 1949ರಲ್ಲಿ ಅಲ್ಲಿಂದ ಮೊಟ್ಟಮೊದಲು ತೇರ್ಗಡೆಯಾಗಿ ಹೊರಬಂದವರು ಯಾರು? ಊಹಿಸಿ!

ಒಬ್ಬ ಹೆಣ್ಣುಮಗಳು! ಉಷಾ ಸುಂದರಂ.

ಪತಿ ವಿ. ಸುಂದರಂ ಅವರೂ ಪೈಲಟ್. ಮೈಸೂರು ಮಹಾರಾಜರ ಡಕೋಟಾ ಹಾರಿಸಿದ ಜೋಡಿ ಇದು. 1951ರಲ್ಲಿ ಮದ್ರಾಸ್ ಸರ್ಕಾರಕ್ಕೆ ಒಂದು ಡವ್ ವಿಮಾನ ಬೇಕಿತ್ತು. ಇಂಗ್ಲೆಂಡಿನಿಂದ ತರಬೇಕು. ದಂಪತಿ ಹಡಗು ಹತ್ತಿ ಹೋದರು. ಬರುವಾಗ? ಆ ಪುಟ್ಟ ವಿಮಾನವನ್ನೇ ಹಾರಿಸಿಕೊಂಡು ಬಂದರು! ಲಂಡನ್ನಿಂದ ಮುಂಬೈಗೆ! ಜೆಟ್ ಅಲ್ಲ, ಪಿಸ್ಟನ್ ಎಂಜಿನ್. ಎಷ್ಟು ಹೊತ್ತು?

27 ಗಂಟೆ! ಅದೊಂದು ದಾಖಲೆ!

ವಿಮಾನವೂ ನಮ್ಮಲ್ಲೇ ಹುಟ್ಟಿತ್ತು. 1958ರ ಸೆಪ್ಟೆಂಬರ್ 28ರಂದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಪುಷ್ಪಕ್ ಹಾರಿತು. ಎರಡೇ ಸೀಟು. 90 ಅಶ್ವಶಕ್ತಿಯ ಎಂಜಿನ್. ಉಕ್ಕಿನ ಕೊಳವೆಗೆ ಬಟ್ಟೆ ಹೊದಿಸಿದ ಮೈ. ತಲೆಯ ಮೇಲೆ ರೆಕ್ಕೆ. ಅಮೆರಿಕದ ಏರೋಂಕಾ ಚೀಫ್‌ನ ಹತ್ತಿರದ ನೆಂಟ! ಅಲಾಸ್ಕಾದ ಹುಲ್ಲುಗಾವಲಿನಲ್ಲಿ ನಿಲ್ಲಿಸಿದರೆ ಯಾರೂ ಹೊರಗಿನದೆನ್ನರು. ಇಂಥವು ಸುಮಾರು 160 ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದವು.

ಹಾಗಾದರೆ ದಾರಿ ಯಾವುದು? ಬೆರಳು ಮಡಚಿ!

ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ. ಓದಿಲ್ಲವೇ? ಆ ಎರಡನ್ನೇ ಮುಕ್ತ ಶಾಲೆಯಲ್ಲಿ ಕಟ್ಟಿ ಪಾಸಾದವರಿದ್ದಾರೆ. ಹದಿನೆಂಟು ವರ್ಷ ವಯಸ್ಸು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಒಪ್ಪಿದ ವೈದ್ಯರಿಂದ ದೇಹ ತಪಾಸಣೆ. ಇದನ್ನು ಮೊದಲೇ ಮಾಡಿಸಿ! ಲಕ್ಷಗಟ್ಟಲೆ ಸುರಿದ ಮೇಲೆ ಕಣ್ಣಿನ ದೋಷ ಗೊತ್ತಾದರೆ? ಆಮೇಲೆ ಹಾರುವ ದಾರಿಯ ಲೆಕ್ಕ (ನ್ಯಾವಿಗೇಷನ್), ಹವಾಮಾನ, ನಿಯಮ, ಯಂತ್ರಜ್ಞಾನ, ರೇಡಿಯೊ ಪರೀಕ್ಷೆಗಳು. ಜತೆಗೆ ಹಾರಾಟದ ಗಂಟೆಗಳು.

ಎಷ್ಟು ಗಂಟೆ? ಐದು ಸಾವಿರ? ಎರಡು ಸಾವಿರ?

200!

ಬರೀ 200 ಗಂಟೆ! ಒಟ್ಟುಗೂಡಿಸಿದರೆ ಎಂಟು ದಿನ, ಎಂಟು ಗಂಟೆ! ಅದರಲ್ಲಿ 100 ಗಂಟೆ ನೀವೇ ಕಮಾಂಡ್‌ನಲ್ಲಿರಬೇಕು. 300 ನಾಟಿಕಲ್ ಮೈಲಿಯ ಒಂದು ದೂರಯಾನ, ಸುಮಾರು 555 ಕಿಲೋಮೀಟರ್. ರಾತ್ರಿ ಹಾರಾಟವೂ ಸೇರಿದೆ.

ಎಂಟು ದಿನ ಚಿಕ್ಕದು, ಬಿಲ್ಲು ಚಿಕ್ಕದಲ್ಲ. ಹತ್ತಾರು ಲಕ್ಷ ರೂಪಾಯಿಯ ಮಾತು. ಸಾಲ ಮಾಡುವ ಮೊದಲು ಮನೆಮಂದಿ ಕೂತು ಲೆಕ್ಕ ಹಾಕಲೇಬೇಕು. ನಮ್ಮ ಲೈಸೆನ್ಸ್ ಹಿಡಿದು ನೇರ ಬೋಟ್ಸ್ವಾನಾದಲ್ಲಿ ಹಾರುವಂತೆಯೂ ಇಲ್ಲ. ಆಯಾ ದೇಶದ ಪರೀಕ್ಷೆ ಬರೆದು ಪರವಾನಗಿ ಬದಲಿಸಿಕೊಳ್ಳಬೇಕು, ಕೆಲಸದ ಅನುಮತಿ ಸಿಗಬೇಕು. ಸ್ಥಳೀಯರಿಗೆ ಮೊದಲ ಮಣೆ. ಮೊದಲ ಸಂಬಳ ದೊಡ್ಡದಿರದು. ಮೊದಲ ಕೆಲಸ ಮೂಟೆ ಹೊರುವುದೂ ಆಗಬಹುದು.

ಆದರೆ ಗಳಿಕೆ? ದೊಡ್ಡ ಜೆಟ್‌ನಲ್ಲಿ ದಿನಕ್ಕೆ ಒಂದೆರಡು ಸಲ ನೆಲ ಮುಟ್ಟಿದರೆ ಹೆಚ್ಚು. ಕಾಡಿನಲ್ಲಿ ಕೆಲವು ದಿನ ಹತ್ತು ಸಲ! ಗಾಳಿಯ ಗುಣ, ನೆಲದ ಗುಣ, ಎಂಜಿನ್ನಿನ ಸದ್ದಿನ ಸಣ್ಣ ಬದಲಾವಣೆ, ಎಲ್ಲ ಮೈಗೆ ಹತ್ತುತ್ತದೆ. ದೊಡ್ಡ ಕಂಪನಿಗಳ ಎಷ್ಟೋ ಕ್ಯಾಪ್ಟನ್‌ಗಳು ಬೆಳೆದದ್ದು ಇಂಥ ಮಣ್ಣಿನ ರನ್‌ವೇಗಳಲ್ಲೇ.

ಕೊನೆಯದೊಂದು ಸುದ್ದಿ ಬೇಕೆಂದೇ ಇಟ್ಟುಕೊಂಡಿದ್ದೆ!

ದಕ್ಷಿಣ ಅಮೆರಿಕದಲ್ಲಿ ಗಯಾನಾ ಎಂಬ ದೇಶವಿದೆ. ಬಹುಪಾಲು ಕಾಡು. ಒಳನಾಡಿನ ಎಷ್ಟೋ ಊರುಗಳಿಗೆ ಪುಟ್ಟ ವಿಮಾನವೇ ಆಸರೆ. ಅಲ್ಲಿನ ಜನರಲ್ಲಿ ಭಾರತೀಯ ಮೂಲದವರ ಗುಂಪೇ ಅತಿ ದೊಡ್ಡದು. ಕಾಡಿನ ನೆಲದಲ್ಲಿ ಏನು ತೆಗೆಯುತ್ತಾರೆ? ಚಿನ್ನ!

2024ರ ಮಾರ್ಚ್ ಕೊನೆಯಲ್ಲಿ ಭಾರತೀಯ ವಾಯುಪಡೆಯ ದೈತ್ಯ ಸಿ-17 ವಿಮಾನಗಳು ಗಯಾನಾದಲ್ಲಿ ಇಳಿದವು. ಹೊಟ್ಟೆ ತೆರೆದರೆ ಒಳಗೆ ಏನಿತ್ತು? ಇನ್ನೆರಡು ವಿಮಾನ! 19 ಆಸನದ ಹಿಂದುಸ್ತಾನ್-228. ಚಿಕ್ಕ, ಒರಟು ರನ್‌ವೇಗಳಲ್ಲೂ ಇಳಿಯಬಲ್ಲವು. ಗಯಾನಾ ಸೇನೆಗೆಂದು ಕಳಿಸಿದ್ದು. ಕಟ್ಟಿದ್ದು ಎಚ್‌ಎಎಲ್‌ನ ಕಾನ್ಪುರ ಘಟಕದಲ್ಲಿ. ಆ ಎಚ್‌ಎಎಲ್‌ನ ಕೇಂದ್ರ ಕಚೇರಿ ಎಲ್ಲಿದೆ? ನಮ್ಮ ಬೆಂಗಳೂರಿನಲ್ಲಿ!

ನಮ್ಮ ವಿಮಾನ ಆಗಲೇ ಚಿನ್ನದ ಕಾಡಿಗೆ ಹೋಗಿಬಿಟ್ಟಿದೆ. ಪೈಲಟ್ ಯಾಕೆ ಹೋಗಬಾರದು? ಪಿಯುಸಿ ಓದುತ್ತಿರುವ ಮಗನೋ ಮಗಳೋ ಮನೆಯಲ್ಲಿದ್ದರೆ ಈ ವಾರವೇ ಕಣ್ಣಿನ ತಪಾಸಣೆಗೆ ಕರೆದೊಯ್ಯಿರಿ!